ಬಿದ್ರಿ ತಟ್ಟೆಯ ಮೇಲಿದ್ದ ಆರು ಅಕ್ಷರ: ಒಂದು ಸನ್ಮಾನದ ಪ್ರಕರಣ

ಮುಕ್ಕಾಲು ಗಂಟೆ. ಅಷ್ಟು ಹೊತ್ತು ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸಮಿತಿ ಸನ್ಮಾನದ ತಟ್ಟೆಗೆ ಬರೆಸುವ ಒಂದೇ ಪದದ ಮೇಲೆ ವಾದ ಮಾಡಿತು. ‘ಅಂತರರಾಷ್ಟ್ರೀಯ’ ಸರಿಯೋ, ‘ಅಂತಾರಾಷ್ಟ್ರೀಯ’ ಸರಿಯೋ? ಸಮಿತಿಯಲ್ಲಿ ಕನ್ನಡ ಮಾಸ್ತರರೊಬ್ಬರಿದ್ದಾರೆ. ಅವರು ಪದ ಬಿಡಿಸಿ ಹೇಳಿದರು. ಇನ್ನೊಬ್ಬರು ಮೊಬೈಲ್ ತೆಗೆದು, ಪೇಪರಿನವರು ಹೇಗೆ ಬರೆಯುತ್ತಾರೆ ನೋಡಿ ಎಂದು ತೋರಿಸಿದರು. ಕೊನೆಗೆ ಮಾಸ್ತರರ ಮಾತೇ ನಿಂತಿತು. ಆರು ಅಕ್ಷರದ್ದು ಪಾಸಾಯಿತು. ಚಹಾ ಬಂತು, ಕುಡಿದು ಎದ್ದೆವು.

ಆ ಪದ ನಿಜವೋ ಅಂತ ಮಾತ್ರ ಯಾರೂ ಕೇಳಲಿಲ್ಲ.

ನಾನು ಆ ಕ್ಲಬ್ಬಿನ ಖಜಾಂಚಿ. ಬೀದರಿನಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಆ ಪದವನ್ನು ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಬಿದ್ರಿ ಕೆಲಸದವರ ಕೈಗೆ ಕೊಟ್ಟವನು ನಾನೇ. ಹಾಗಾಗಿ ಇದನ್ನು ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. ಕ್ಲಬ್ಬಿನ ಹೆಸರು, ನಾವು ಸನ್ಮಾನ ಮಾಡಿದ ಹಳೇ ಆಟಗಾರರೊಬ್ಬರ ಹೆಸರು ಇಲ್ಲಿ ಬೇಡ. ಅವರನ್ನು ಎಲ್ಲರೂ ಕರೆಯುವ ಹಾಗೆ ಕಾಕಾ ಅನ್ನುತ್ತೇನೆ. ಬ್ರೆಜಿಲಿನ ಕಾಕಾ ಅಲ್ಲ, ನಮ್ಮ ಓಣಿಯ ಕಾಕಾ.

ಹಿನ್ನೆಲೆ

ಪ್ರತಿ ಚಳಿಗಾಲ ನಾವೊಂದು ಟೂರ್ನಿ ನಡೆಸುತ್ತೇವೆ. ಫೈನಲ್ ದಿನ ಸನ್ಮಾನ ಇದ್ದೇ ಇರುತ್ತದೆ. ಇಷ್ಟು ವರ್ಷ ಸನ್ಮಾನ ಅಂದರೆ ದೇಣಿಗೆ ಕೊಟ್ಟವರಿಗೆ. ಪೆಂಡಾಲ್ ಹಾಕಿಸಿದವರಿಗೊಂದು ಶಾಲು, ಜರ್ಸಿ ಕೊಡಿಸಿದವರಿಗೊಂದು ಶಾಲು. ಚೆಂಡು ಒದ್ದು ಬದುಕಿದ ಮನುಷ್ಯನಿಗೆ ಒಮ್ಮೆಯೂ ಶಾಲು ಹಾಕಿರಲಿಲ್ಲ. ಈ ಸಲ ಹಾಕೋಣ ಅಂತ ಹಟ ಹಿಡಿದದ್ದು ನಮ್ಮ ಗೋಲ್‌ಕೀಪರ್ ಹುಡುಗ. ಎಲ್ಲರೂ ಹೂಂ ಅಂದೆವು. ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. ಊರಿಗೆ ಗೊತ್ತಿದ್ದವರು ಕಾಕಾ ಒಬ್ಬರೇ.

ಹದಿನೇಳನೇ ವಯಸ್ಸಿಗೆ ಕಾಕಾ ಬೀದರ್ ಬಿಟ್ಟು ಹೈದರಾಬಾದಿನ ಸೋದರಮಾವನ ಮನೆ ಸೇರಿದರು. ಬೆಂಗಳೂರಿಗೆ ಯಾಕೆ ಹೋಗಲಿಲ್ಲ ಅಂತ ಹೊರಗಿನವರು ಕೇಳುತ್ತಾರೆ. ನಮ್ಮ ಕಡೆ ಅದು ಪ್ರಶ್ನೆಯೇ ಅಲ್ಲ. ಹೈದರಾಬಾದ್ ಇಲ್ಲಿಂದ ಸುಮಾರು 140 ಕಿಲೋಮೀಟರ್, ಬೆಂಗಳೂರು 700ರ ಹತ್ತಿರ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮೇಲಾಗಿ ಫುಟ್‌ಬಾಲ್ ಕಲಿಯುವವರಿಗೆ ಆ ಊರು ಕಾಶಿ ಇದ್ದ ಹಾಗೆ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಂ. ಭಾರತ ತಂಡವನ್ನೂ ಅವರೇ ತಯಾರು ಮಾಡಿದರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ, ಮೂರೂ ಅವರ ಕಾಲದವು. ಅವರು ತೀರಿಕೊಂಡದ್ದು 1963ರಲ್ಲಿ. ಕಾಕಾ ಆಗಿನ್ನೂ ಓಣಿಯಲ್ಲಿ ಗೋಲಿ ಆಡುವ ಹುಡುಗ. ಆದರೂ ‘ರಹೀಂ ಸಾಬ್’ ಅನ್ನುವಾಗ ಅವರ ಕೈಯಲ್ಲೇ ಕಲಿತವರ ಹಾಗೆ ದನಿ ತಗ್ಗಿಸುತ್ತಾರೆ.

‘ವೃತ್ತಿಪರ’ ಅನ್ನುವ ಪದವನ್ನೂ ಇಲ್ಲಿ ಸ್ವಲ್ಪ ಬಿಡಿಸಬೇಕು. ಆಮೇಲೆ ಅದೂ ತಕರಾರಿಗೆ ಬಂತು. ನಮ್ಮ ದೇಶದಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾದದ್ದೇ 1996ರಲ್ಲಿ. ಅದಕ್ಕೂ ಮೊದಲು ಬಹಳಷ್ಟು ಆಟಗಾರರು ಬದುಕಿದ್ದು ನೌಕರಿಯ ಮೇಲೆ. ರೈಲ್ವೆ, ಪೊಲೀಸ್, ಬ್ಯಾಂಕು, ಸರ್ಕಾರಿ ಕಾರ್ಖಾನೆ. ಬೆಂಗಳೂರಿನ ಐಟಿಐ ಟೆಲಿಫೋನ್ ಮಾಡುವ ಕಾರ್ಖಾನೆ. ಅದರ ತಂಡ 1977ರ ಮೊಟ್ಟಮೊದಲ ಫೆಡರೇಶನ್ ಕಪ್ಪಿನಲ್ಲಿ ಮೋಹನ್ ಬಗಾನನ್ನು ಸೋಲಿಸಿ ಕಪ್ ತಂದಿತ್ತು. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಆಫೀಸಿನಲ್ಲಿ ಹಾಜರಿ, ಸಂಜೆ ಮತ್ತೆ ಮೈದಾನ. ತಿಂಗಳ ಪಗಾರ ಆಟಕ್ಕೋ ಕೆಲಸಕ್ಕೋ ಅಂತ ಬೇರೆ ಮಾಡಿ ಹೇಳುವುದು ಕಷ್ಟ. ಕಲ್ಕತ್ತದ ದೊಡ್ಡ ಕ್ಲಬ್ಬುಗಳ ಲೆಕ್ಕ ಬೇರೆ. ಅಲ್ಲಿ ಸೀಸನ್ನಿಗೆ ಇಷ್ಟು ಅಂತ ಮಾತಾಡಿ ಆಟಗಾರರನ್ನು ಕರೆಸುತ್ತಿದ್ದರು.

ಕಾಕಾ ಎರಡೂ ಕಂಡವರು. ಹೈದರಾಬಾದಿನ ಒಂದು ಇಲಾಖೆ ತಂಡಕ್ಕೆ ಹನ್ನೊಂದು ವರ್ಷ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ಡಿಫೆಂಡರ್. ನಡುವೆ ರಜೆ ಹಾಕಿ ಎರಡು ಸೀಸನ್ ಕಲ್ಕತ್ತದಲ್ಲಿ. ಮೊಣಕಾಲು ಕೈಕೊಟ್ಟ ಮೇಲೆ ಬೂಟು ಬಿಚ್ಚಿ, ಅದೇ ಇಲಾಖೆಯಲ್ಲಿ ಫೈಲು ನೋಡಿಕೊಂಡು ರಿಟೈರ್ ಆದರು. ಆಮೇಲೆ ಬೀದರಿಗೆ ವಾಪಸ್.

ಇಷ್ಟೂ ನಮಗೆ ಆಮೇಲೆ ಗೊತ್ತಾದದ್ದು. ಮೊದಲು ಗೊತ್ತಿದ್ದದ್ದು ಒಂದೇ: ಕಾಕಾ ಇಂಟರ್‌ನ್ಯಾಷನಲ್ ಪ್ಲೇಯರ್.

ತಟ್ಟೆ

ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಇವು ಎಲ್ಲ ಕಡೆ ಇದ್ದದ್ದೇ. ಬೀದರಿನವರಾಗಿ ಬಿದ್ರಿ ಕೊಡದಿದ್ದರೆ ಹೇಗೆ ಅಂತ ಅಧ್ಯಕ್ಷರು ಕೇಳಿದರು. ಚೌಬಾರಾ ಹತ್ತಿರದ ಓಣಿಯೊಂದರಲ್ಲಿ ಕೆಲಸ ಮಾಡುವ ಚಾಚಾ ಒಬ್ಬರಿಗೆ ಒಂದು ಅಗಲದ ತಟ್ಟೆ ಹೇಳಿದೆವು. ನಡುವೆ ಚೆಂಡು ಒದೆಯುವ ಆಟಗಾರ, ಸುತ್ತ ಬಳ್ಳಿ, ಕೆಳಗೆ ಕನ್ನಡದಲ್ಲಿ ಎರಡು ಸಾಲು. 12,000 ರೂಪಾಯಿ. ನಮ್ಮಂಥ ಕ್ಲಬ್ಬಿಗೆ ಅದು ಒಂದು ಡಜನ್ ಚೆಂಡಿನ ದುಡ್ಡು.

ಬಿದ್ರಿ ಗೊತ್ತಿಲ್ಲದವರಿಗೆ ಎರಡು ಮಾತು. ಜಾಸ್ತಿ ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರ ಹಾಕಿ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿದರೆ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಚಿತ್ರ ಗೀರಿ, ಸಣ್ಣ ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಕೊನೆಗೆ ಬಿಸಿ ಮಾಡಿ, ನವಸಾಗರ ಮತ್ತು ಕೋಟೆಯ ಹಳೇ ಮಣ್ಣು ಕಲಸಿ ಹಚ್ಚಿದರೆ ಲೋಹ ಕಡುಗಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ. ಬೇರೆ ಮಣ್ಣಿಗೆ ಆ ಕಪ್ಪು ಬರುವುದಿಲ್ಲ ಅಂತ ಕೆಲಸದವರು ಆಣೆ ಮಾಡಿ ಹೇಳುತ್ತಾರೆ. ಮಣ್ಣು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ.

ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು ಇದು: ಬಿದ್ರಿಯಲ್ಲಿ ಅಕ್ಷರ ಮೇಲೆ ಇರುವುದಿಲ್ಲ, ಒಳಗೆ ಇರುತ್ತದೆ.

ಚಾಚಾಗೆ ಕನ್ನಡ ಓದಲು ಅಷ್ಟಾಗಿ ಬರುವುದಿಲ್ಲ. ನನ್ನ ಪ್ರಿಂಟನ್ನು ಚಿತ್ರದ ಹಾಗೆ ನೋಡಿ ಕೊರೆದರು. ‘ಷ್ಟ್ರೀ’ ಬಂದಾಗ ನನ್ನನ್ನು ಕರೆಸಿದರು. ಅಷ್ಟು ಸಣ್ಣ ಜಾಗದಲ್ಲಿ ಒಂದರ ಕೆಳಗೊಂದು ಒತ್ತಕ್ಷರ. ಒಂದೊಂದಕ್ಕೂ ಬೇರೆ ತಂತಿ. ಅದಕ್ಕೆ ಜಾಸ್ತಿ ಆಳ ಬೇಕು ಅಂದರು. ಕೊರೆಯಿರಿ ಅಂದೆ.

ಒಂಬತ್ತು ದಿನ ಮೊದಲು

ತಟ್ಟೆ ತಯಾರಾಯಿತು. ಆಮಂತ್ರಣ ಪತ್ರಿಕೆ ಅಚ್ಚಾಯಿತು. ಎರಡು ದೊಡ್ಡ ಫ್ಲೆಕ್ಸ್ ಬಂದವು. ಫೈನಲ್ಲಿಗೆ ಒಂಬತ್ತು ದಿನ ಇದ್ದಾಗ ಕಾರ್ಯದರ್ಶಿ ಮತ್ತು ನಾನು ಕಾಕಾನ ಮನೆಗೆ ಹೋದೆವು. ಪತ್ರಿಕೆ ಕೊಟ್ಟೆವು. ಖುಷಿಗೆ ಮೊಬೈಲಿನಲ್ಲಿ ತಟ್ಟೆಯ ಫೋಟೋ ಕೂಡ ತೋರಿಸಿದೆವು.

ಕಾಕಾ ಕನ್ನಡಕ ಹುಡುಕಿದರು. ಪತ್ರಿಕೆಯನ್ನು ಬೆರಳಿಟ್ಟು ಓದಿದರು. ಫೋಟೋ ದೊಡ್ಡದು ಮಾಡಿ ನೋಡಿದರು. ಆಮೇಲೆ ಕನ್ನಡಕ ತೆಗೆದರು.

“ಇದು ಯಾರ ಬಗ್ಗಿ ಬರದೀರಿ?”

“ನಿಮ್ಮ ಬಗ್ಗೀನೇ, ಕಾಕಾ.”

“ನಾ ಇಂಡಿಯಾಕ್ಕ ಯಾವಾಗ ಆಡೀನಿ?”

ಕಾರ್ಯದರ್ಶಿ ನಕ್ಕರು. “ನೀವು ಆಡಿಲ್ಲಂದ್ರ ಬೀದರ್‌ನಾಗ ಮತ್ಯಾರು ಆಡ್ಯಾರ್ರಿ?”

ಕಾಕಾ ನಗಲಿಲ್ಲ. ಒಳಗೆ ಹೋಗಿ ತಗಡಿನ ಟ್ರಂಕು ಎಳೆದು ತಂದರು. ಮುಚ್ಚಳ ತೆಗೆದರೆ ಡಾಂಬರು ಗುಳಿಗೆಯ ವಾಸನೆ. ಇಲಾಖೆಯ ಗುರುತಿನ ಚೀಟಿ, ಒಂದು ಕಲ್ಕತ್ತ ಕ್ಲಬ್ಬಿನ ಬ್ಯಾಡ್ಜು, ಅಂಚು ತಿಂದು ಹೋದ ಪೇಪರ್ ತುಂಡುಗಳು. ತಳದಲ್ಲಿ ಒಂದು ಗ್ರೂಪ್ ಫೋಟೋ. ಎರಡು ತಂಡ, ಅದರಲ್ಲೊಂದು ಹೊರದೇಶದ್ದು. ಪ್ರದರ್ಶನ ಪಂದ್ಯ ಆಡಲು ಬಂದಿದ್ದರಂತೆ. ಕಾಕಾನ ಇಲಾಖೆ ತಂಡದ ಜೊತೆ ಒಂದೇ ಒಂದು ಮ್ಯಾಚು.

“ನಾ ಆಡಿದ್ದು ಇಪ್ಪತ್ತೆರಡು ನಿಮಿಷ. ಅದೂ ಒಬ್ಬಂವಗ ಕಾಲು ಹಿಡ್ಕೊಂಡಿತ್ತು ಅಂತ.”

ಅಲ್ಲಿಗೆ ನಮಗೆ ಎಲ್ಲ ತಿಳಿಯಿತು. ‘ಫಾರಿನ್ ಟೀಮ್ ಜೊತಿ ಆಡ್ಯಾನ’ ಅಂತ ಊರಿಗೆ ಸುದ್ದಿ ಬಂದಿರಬೇಕು. ಅದು ಚಹಾದಂಗಡಿಯಲ್ಲಿ ‘ಫಾರಿನ್ನಿಗೆ ಹೋಗಿ ಆಡ್ಯಾನ’ ಆಗಿದೆ. ಮೂವತ್ತು ಮೂವತ್ತೈದು ವರ್ಷ ಬಾಯಿಂದ ಬಾಯಿಗೆ ಹೋಗಿ ‘ಇಂಡಿಯಾಕ್ಕ ಆಡ್ಯಾನ’ ಆಗಿದೆ. ಯಾರೂ ಬೇಕಂತ ಸುಳ್ಳು ಹೇಳಿಲ್ಲ. ಒಬ್ಬೊಬ್ಬರು ಒಂದೊಂದು ಚಿಟಿಕೆ ಉಪ್ಪು ಹಾಕಿದ್ದಾರೆ, ಅಷ್ಟೇ. ಕೊನೆಗೆ ನಾನು ಅದನ್ನು ಟೈಪ್ ಮಾಡಿದ್ದೇನೆ.

ಸಂತೋಷ್ ಟ್ರೋಫಿ ವಿಷಯವನ್ನೂ ಅವರೇ ತೆಗೆದರು. 1941ರಿಂದ ನಡೆಯುತ್ತಿರುವ ರಾಜ್ಯ ತಂಡಗಳ ಟೂರ್ನಿ ಅದು. ಆಂಧ್ರ ತಂಡದ ಕ್ಯಾಂಪಿಗೆ ಒಮ್ಮೆ ಕರೆ ಬಂದಿತ್ತು. ಹೋದರು, ಕೊನೇ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅಲ್ಲಿಗೆ ಮುಗಿಯಿತು.

“ನನ್ನ ರೂಮಿನಾಗ ಇದ್ದಂವ ಖರೇ ಇಂಡಿಯಾಕ್ಕ ಆಡಿದಂವ. ಫೈನಲ್ಲಿಗಿ ಬಾ ಅಂತ ಅವಗ ಫೋನ್ ಮಾಡೀನಿ. ಬಂದು ಇದು ನೋಡಿದ್ರ, ನಾ ಅವನ ಜರ್ಸಿ ಹಾಕ್ಕೊಂಡು ನಿಂತಂಗ ಆಗ್ತದ.”

ಅಡುಗೆಮನೆಯಿಂದ ಕಾಕಾನ ಹೆಂಡತಿಯ ದನಿ ಬಂತು. “ಹೋದ ವರ್ಷದ ಬ್ಯಾನರ್‌ನಾಗೂ ಹಂಗೇ ಬರದಿದ್ರು. ಆವಾಗ ಸುಮ್ನಿದ್ರಿ.”

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಮ್ಮ ಕಡೆ ನೋಡಿಯೇ ಹೇಳಿದರು: “ಬ್ಯಾನರ್ ಹರದು ಹೋಗ್ತದ. ಇದು ಬೆಳ್ಳ್ಯಾಗ ಕೂರಿಸ್ಯಾರ.”

ನನಗೆ ಅವರ ಮೇಲೆ ಗೌರವ ಜಾಸ್ತಿಯಾದದ್ದು ಆ ಮಾತಿಗೆ. ಅವರು ಸಂತನ ಹಾಗೆ ಮಾತಾಡಲಿಲ್ಲ. ಬ್ಯಾನರ್ ಇದ್ದಾಗ ಅವರಿಗೂ ಒಳಗೊಳಗೆ ಚೆನ್ನಾಗೇ ಅನಿಸಿರಬೇಕು. ಗೆಳೆಯ ಬರುತ್ತಾನೆ, ತಟ್ಟೆ ಮನೆಯಲ್ಲೇ ಉಳಿಯುತ್ತದೆ ಅಂದಾಗ ಲೆಕ್ಕ ಬೇರೆಯಾಯಿತು.

ಸಮಿತಿಯಲ್ಲಿ

ಮರುದಿನ ತುರ್ತು ಸಭೆ. ಮೂರು ಮಾತು ಬಂದವು. ಒಂದು, ಹಾಗೇ ಬಿಡೋಣ, ಯಾರು ಬಂದು ಚೆಕ್ ಮಾಡುತ್ತಾರೆ? ಎರಡು, ಹೊಸ ತಟ್ಟೆ ಮಾಡಿಸೋಣ. ದುಡ್ಡೂ ಇಲ್ಲ, ದಿನವೂ ಇಲ್ಲ. ಮೂರು, ಆ ಪದದ ಮೇಲೊಂದು ಹಿತ್ತಾಳೆ ಪಟ್ಟಿ ಅಂಟಿಸೋಣ. ಬಿದ್ರಿ ಮೇಲೆ ಹಿತ್ತಾಳೆ ಪಟ್ಟಿ! ಇದನ್ನು ಹೇಳಿದವರ ಹೆಸರು ಹಾಕುವುದಿಲ್ಲ. ಅವರು ಒಳ್ಳೆಯವರು.

‘ಯಾರು ಚೆಕ್ ಮಾಡುತ್ತಾರೆ’ ಅನ್ನುವ ಮಾತಿಗೆ ಬಲ ಜಾಸ್ತಿ ಇತ್ತು. ನಮ್ಮ ಫುಟ್‌ಬಾಲಿನಲ್ಲಿ ಇಂಥದ್ದು ಹೊಸದಲ್ಲ. 1950ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದಕ್ಕೆ ಕಾರಣ ಕೇಳಿ ನೋಡಿ. ಬರಿಗಾಲಲ್ಲಿ ಆಡಲು ಫಿಫಾ ಬಿಡಲಿಲ್ಲ ಅಂತಲೇ ಹತ್ತರಲ್ಲಿ ಒಂಬತ್ತು ಜನ ಹೇಳುತ್ತಾರೆ. ಆಗಿನ ಫೆಡರೇಶನ್ ಕೊಟ್ಟ ಕಾರಣ ಬೇರೆ: ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ಪ್ರಾಕ್ಟೀಸಿಗೆ ಸಮಯ ಸಾಲದು. ಅದು ಕೇಳಲು ಸಪ್ಪೆ. ಬರಿಗಾಲಿನ ಕಥೆಗೆ ರುಚಿ ಇದೆ, ಅದಕ್ಕೇ ಉಳಿದಿದೆ. ಸಭೆಯಲ್ಲಿ ಇದನ್ನು ಹೇಳಿದೆ. ಅಧ್ಯಕ್ಷರು, “ಅದು ದಿಲ್ಲಿ ಮಾತು, ಇದು ಬೀದರ್ ಮಾತು” ಅಂದರು. ನನಗೆ ಈಗಲೂ ಅದರ ಅರ್ಥ ಆಗಿಲ್ಲ.

ಕೊನೆಗೆ ತಿರುಗಿಸಿದವನು ಗೋಲ್‌ಕೀಪರ್ ಹುಡುಗ. “ಅವರ ದೋಸ್ತ್ ಬಂದು ಸ್ಟೇಜ್ ಮ್ಯಾಲೆ ಕುಂತ್ರ ನೀವು ಏನ್ ಓದ್ತೀರಿ?” ಅಂತ ಮಾಸ್ತರರನ್ನು ಕೇಳಿದ. ಮಾಸ್ತರರು ಪೆನ್ನಿನ ಕ್ಯಾಪ್ ಮುಚ್ಚಿದರು. ಸಭೆ ಮುಗಿಯಿತು.

ಅರ, ಉಳಿ, ಮಣ್ಣು

ತಟ್ಟೆ ಹಿಡಿದು ಚಾಚಾನ ಹತ್ತಿರ ಹೋದೆ. ವಿಷಯ ಕೇಳಿ ಅವರು ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದರು. “ಚಾಂದಿ ನಿಕಲ್ ಜಾತಿ. ನಿಶಾನ್ ನೈ ಜಾತಾ” ಅಂದರು. ಬೆಳ್ಳಿ ಬರುತ್ತದೆ, ಗುರುತು ಹೋಗುವುದಿಲ್ಲ.

ಅಕ್ಷರ ಒಳಗಿರುವುದರಿಂದ ಲೋಹವನ್ನೇ ಅಷ್ಟು ಆಳಕ್ಕೆ ಉಜ್ಜಬೇಕು. ಇಡೀ ತಟ್ಟೆ ಉಜ್ಜಿದರೆ ಆಟಗಾರನ ಚಿತ್ರವೂ ಬಳ್ಳಿಯೂ ಹೋಗುತ್ತವೆ. ಹಾಗಾಗಿ ಆ ಒಂದು ಪದದ ಜಾಗವನ್ನಷ್ಟೇ ಉಜ್ಜಬೇಕು. ಆಗ ಅಲ್ಲೊಂದು ತಗ್ಗು ಬೀಳುತ್ತದೆ. ಆ ತಗ್ಗಿನಲ್ಲಿ ಹೊಸ ಅಕ್ಷರ ಕೂರಿಸಿ, ಇಡೀ ತಟ್ಟೆಗೆ ಮತ್ತೆ ಮಣ್ಣು ಹಚ್ಚಬೇಕು.

ಮೊದಲ ಸಂಜೆ ನಾನು ಪಕ್ಕದಲ್ಲೇ ಕೂತಿದ್ದೆ. ಚಾಚಾ ಸೂಜಿಯಂಥ ಉಳಿಯಿಂದ ತಂತಿಯ ತುದಿ ಎಬ್ಬಿಸಿ, ಚಿಮಟದಿಂದ ಎಳೆದರು. ‘ಅಂ’ನ ಸೊನ್ನೆ ಉಂಗುರದ ಹಾಗೆ ಹೊರಗೆ ಬಂತು. ‘ತ’, ‘ರ’ ಸಲೀಸು. ‘ಷ್ಟ್ರೀ’ ಬರಲೇ ಇಲ್ಲ. ತುಂಡು ತುಂಡಾಗಿ ಕಿತ್ತರು. ಬೆಳ್ಳಿ ಚೂರುಗಳನ್ನೆಲ್ಲ ಒಂದು ಕಾಗದದಲ್ಲಿ ಮಡಚಿ ನನ್ನ ಕೈಗಿಟ್ಟರು. ನಿಮ್ಮ ಮಾಲು, ಲೆಕ್ಕ ಇಟ್ಟುಕೊಳ್ಳಿ ಅಂದರು. ಈಗಲೂ ಅಂಗಡಿಯ ಗಲ್ಲಾದಲ್ಲಿದೆ.

ಹೊಸದಾಗಿ ಏನು ಬರೆಯಬೇಕು ಅಂತ ಈ ಸಲ ಕಾಕಾನನ್ನೇ ಕೇಳಿದೆವು. ‘ವೃತ್ತಿಪರ’ ಬರೆಯಲೇ ಅಂದೆ. “ರೊಕ್ಕ ಎಣಿಸ್ಕೊಂಡು ಆಡಿದ್ದು ಎರಡೇ ಸೀಸನ್, ಅದನ್ನ ಕಾಗದದಾಗ ಬರಿ” ಅಂದರು. ತಟ್ಟೆಗೆ? “ಲೆಫ್ಟ್ ಬ್ಯಾಕ್ ಅಂತ ಬರಿ. ಅದಂತೂ ಖರೇ ಅದ.” ನಾಲ್ಕೇ ಅಕ್ಷರ. ಆರರ ಜಾಗದಲ್ಲಿ ನಾಲ್ಕು ಕೂತು ಎರಡೂ ಕಡೆ ಖಾಲಿ ಉಳಿಯಿತು. ಚಾಚಾ ಆ ಕಡೆ ಒಂದು, ಈ ಕಡೆ ಒಂದು ಸಣ್ಣ ಎಲೆ ಕೂರಿಸಿದರು.

ಮೂರು ಸಂಜೆಯ ಕೆಲಸ. ಮಜೂರಿ 1,800 ರೂಪಾಯಿ, ರಿಯಾಯಿತಿ ಇಲ್ಲ. ಕ್ಲಬ್ಬಿನ ಲೆಕ್ಕಕ್ಕೆ ಹಾಕಲಿಲ್ಲ, ನನ್ನ ಜೇಬಿನಿಂದ ಕೊಟ್ಟೆ. ಟೈಪ್ ಮಾಡಿದವನು ನಾನೇ ಅಲ್ವಾ.

ಸನ್ಮಾನ ಪತ್ರ ಮಾಸ್ತರರು ಹೊಸದಾಗಿ ಬರೆದರು. ಮೊದಲಿನದರಲ್ಲಿ ‘ಕ್ರೀಡಾ ರತ್ನ’, ‘ಬೀದರಿನ ಹೆಮ್ಮೆಯ ಪುತ್ರ’ ಎಲ್ಲ ಇತ್ತು. ಹೊಸದರಲ್ಲಿ ಇಲಾಖೆ ತಂಡ ಹನ್ನೊಂದು ವರ್ಷ, ಕಲ್ಕತ್ತ ಎರಡು ಸೀಸನ್, ಸಂತೋಷ್ ಟ್ರೋಫಿ ಕ್ಯಾಂಪಿಗೆ ಒಮ್ಮೆ ಕರೆ. ‘ಕೊನೆಯ ಪಟ್ಟಿಯಲ್ಲಿ ಸ್ಥಾನ ಸಿಗಲಿಲ್ಲ’ ಎಂಬ ಸಾಲು ಸೇರಿಸಲು ಕಾಕಾ ಹೇಳಿದಾಗ ಮಾಸ್ತರರು ಎದ್ದೇ ನಿಂತರು. ಸಿಗದೇ ಇದ್ದದ್ದನ್ನು ಸನ್ಮಾನ ಪತ್ರದಲ್ಲಿ ಯಾರು ಬರೆಯುತ್ತಾರೆ? ಕಾಕಾ ಬಿಡಲಿಲ್ಲ. ಸಾಲು ಉಳಿಯಿತು. ನನಗೆ ಕೇಳಿದರೆ ಪತ್ರದಲ್ಲಿ ಜೀವ ಇರುವ ಸಾಲು ಅದೊಂದೇ.

ಫೈನಲ್ ದಿನ

ಹೈದರಾಬಾದಿನ ಗೆಳೆಯ ಬಂದರು. ಎತ್ತರದ ಆಳು, ಕೈಯಲ್ಲಿ ಕೋಲು. ಇಬ್ಬರೂ ಅಪ್ಪಿಕೊಂಡು ಮೊದಲು ಮಾತಾಡಿದ್ದು ಮೊಣಕಾಲಿನ ಬಗ್ಗೆ. ಯಾವುದು ನೋಯುತ್ತದೆ, ಯಾವ ಡಾಕ್ಟರು, ಮೆಟ್ಟಿಲು ಹತ್ತುತ್ತೀಯಾ. ಬೀದರಿನ ಕೆಂಪು ಮುರುಮಿನ ನೆಲ ನೋಡಿ ಗೆಳೆಯ ತಲೆ ಅಲ್ಲಾಡಿಸಿದರು. ಇಂಥ ನೆಲದ ಮೇಲೆ ಸ್ಲೈಡ್ ಹೊಡೆದು ಬೆಳೆದವನು ನೀನು, ಅದಕ್ಕೇ ನಿನ್ನ ತೊಡೆ ಹಾಗಿತ್ತು ಅಂದರು. ಕಾಕಾ ಪ್ಯಾಂಟಿನ ಮೇಲಿಂದಲೇ ಎಡ ತೊಡೆ ಸವರಿಕೊಂಡರು.

ಸ್ಟೇಜ್ ಮೇಲೆ ನಾಲ್ಕೇ ಕುರ್ಚಿ ಅಂತ ತೀರ್ಮಾನ ಆಗಿತ್ತು. ಹಾಫ್ ಟೈಮ್ ಹೊತ್ತಿಗೆ ಹನ್ನೊಂದಾಗಿತ್ತು. ಒಂದು ತಂಡವೇ ಕೂತ ಹಾಗೆ. ಭಾಷಣ ನಲವತ್ತು ನಿಮಿಷ ಹಿಡಿಯಿತು. ಆಟಗಾರ ಹುಡುಗರು ಚಳಿಗೆ ಮೈ ತಣ್ಣಗಾಗಿ ಮತ್ತೆ ವಾರ್ಮ್ ಅಪ್ ಮಾಡಬೇಕಾಯಿತು. ನಮ್ಮಲ್ಲಿ ಲೈಟ್ ಇಲ್ಲ, ಕೊನೇ ಹತ್ತು ನಿಮಿಷ ಚೆಂಡು ಸರಿಯಾಗಿ ಕಾಣಲೇ ಇಲ್ಲ. ಇದು ನಮ್ಮದೇ ತಪ್ಪು, ಮುಂದಿನ ವರ್ಷವೂ ಮಾಡುತ್ತೇವೆ ಅಂತ ನನಗೆ ಅನುಮಾನ.

ಅನೌನ್ಸ್ ಮಾಡುವ ಹುಡುಗನಿಗೆ ಚೀಟಿ ಬರೆದು ಕೊಟ್ಟಿದ್ದೆವು. ಮೈಕ್ ಕೈಗೆ ಬಂದ ಕೂಡಲೇ ಚೀಟಿ ಮರೆತ. “ಅಂತರರಾಷ್ಟ್ರೀಯ ಖ್ಯಾತಿಯ...” ಅಂತ ಶುರು ಮಾಡಿದ. ಕುರ್ಚಿಯಲ್ಲಿದ್ದ ಕಾಕಾನ ಕೈ ತಟ್ಟನೆ ಮೇಲೆದ್ದಿತು. ಆಫ್‌ಸೈಡ್ ಕೇಳುವಾಗ ಡಿಫೆಂಡರ್ ಎತ್ತುವ ಹಾಗೆ, ನೆಟ್ಟಗೆ, ಲೈನ್ಸ್‌ಮನ್ ಕಡೆ ನೋಡುತ್ತ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗ ತಬ್ಬಿಬ್ಬಾಗಿ ಚೀಟಿ ತೆಗೆದು ಮೊದಲಿಂದ ಓದಿದ. ‘ಸ್ಥಾನ ಸಿಗಲಿಲ್ಲ’ ಅನ್ನುವ ಸಾಲು ಬಂದಾಗ ಜನ ಚಪ್ಪಾಳೆ ಹೊಡೆಯಲೋ ಬೇಡವೋ ಅಂತ ಸುಮ್ಮನಾದರು. ಮೊದಲು ಹೊಡೆದದ್ದು ಆ ಗೆಳೆಯರೇ.

ತಟ್ಟೆ ಕೈಗೆ ಬಂದಾಗ ಕಾಕಾ ಅದನ್ನು ಚಾಚಾನ ಹಾಗೇ ಓರೆ ಹಿಡಿದು ನೋಡಿದರು. ನೇರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಂಜೆ ಬಿಸಿಲು ಅಡ್ಡ ಬಿದ್ದರೆ ‘ಲೆಫ್ಟ್ ಬ್ಯಾಕ್’ ಕೆಳಗೆ ‘ಷ್ಟ್ರೀ’ಯ ಒತ್ತು ಇನ್ನೂ ತೆಳ್ಳಗೆ ಕಾಣುತ್ತದೆ. ಗೆಳೆಯನಿಗೂ ತೋರಿಸಿದರು. ಇಬ್ಬರೂ ಏನೋ ಮಾತಾಡಿಕೊಂಡರು, ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಆಮೇಲೆ

ಈಗ ನಮ್ಮ ಕ್ಲಬ್ಬಿನಲ್ಲಿ ಸನ್ಮಾನ ಅಂದರೆ ಮೊದಲು ಆ ಮನುಷ್ಯನ ಮನೆಗೆ ಹೋಗಿ ಕೂತು ಕೇಳುತ್ತೇವೆ. ಬರೆದದ್ದನ್ನು ಅವರೇ ಓದಿ ಸಹಿ ಹಾಕಿದ ಮೇಲೆ ಅಚ್ಚಿಗೆ. ಅದಕ್ಕೊಂದು ರಿಜಿಸ್ಟರ್ ಮಾಡಿದ್ದೇನೆ. ಮೊದಲ ಪುಟದಲ್ಲಿ ಕಾಕಾನ ಟ್ರಂಕಿನಲ್ಲಿದ್ದ ಎಲ್ಲ ಕಾಗದದ ಝೆರಾಕ್ಸ್ ಅಂಟಿಸಿದೆ. ಇಪ್ಪತ್ತೆರಡು ನಿಮಿಷದ ಫೋಟೋ ಕೂಡ ಇದೆ.

ಚಹಾದಂಗಡಿಯವನು ಮಾತ್ರ ಬದಲಾಗಿಲ್ಲ. ಕಾಕಾ ಬಂದರೆ ಇಂದಿಗೂ “ಬಂದ್ರು ನೋಡ್ರಿ ಇಂಟರ್‌ನ್ಯಾಷನಲ್” ಅನ್ನುತ್ತಾನೆ.

ಆ ಎರಡು ಫ್ಲೆಕ್ಸುಗಳ ಕಥೆ ಉಳಿಯಿತು. ಒಂದನ್ನು ನಾವೇ ಕತ್ತರಿಸಿ ಹಾಕಿದೆವು. ಇನ್ನೊಂದು ಪೆಂಡಾಲಿನವನ ಗಾಡಿಯಲ್ಲಿ ಹೋಯಿತು. ಜೂನಿನಲ್ಲಿ ಕಾಕಾನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಒಂದು ಹಳ್ಳಿ ಕಡೆ ಹೊರಟಿದ್ದೆ. ಮಳೆ ಶುರುವಾಗಿತ್ತು. ರಸ್ತೆ ಪಕ್ಕದ ಒಂದು ಎಮ್ಮೆ ಕೊಟ್ಟಿಗೆಯ ಮೇಲೆ ಹಾಸಿದ್ದರು. ಕಾಕಾನ ಅರ್ಧ ಮುಖ, ಕೆಳಗೆ ದೊಡ್ಡ ಕೆಂಪು ಅಕ್ಷರದಲ್ಲಿ ‘ಅಂತರರಾಷ್’ ತನಕ. ನಾನು ಗಾಡಿ ನಿಲ್ಲಿಸಿದೆ.

ಕಾಕಾ ನೀರು ಸುರಿಯುವ ಅಂಚನ್ನು ಒಮ್ಮೆ ನೋಡಿದರು. “ಹರದು ಹೋಗ್ತದ ಅಂದಿದ್ದೆ. ಇನ್ನಾ ಗಟ್ಟಿ ಅದ ನೋಡು. ನಡಿ, ತೊಯ್ಸಕೋತೀವಿ.”